ಅಸ್ಗರಿಯ ಮಕ್ತಬಿಗೆ ಪರವಾನಗಿ ಕೊಡುವವರಾರು?

ಉರ್ದು ಕಲಿತ ನಮಗೆ ಅಕ್ಬರಿ ಮತ್ತು ಅಸ್ಗರಿ ಎಂಬ ಅಕ್ಕತಂಗಿಯರ ಪರಿಚಯ ಹೊಸದಾಗಿ ಮಾಡಿಕೊಡಬೇಕಿಲ್ಲ. ಡೆಪ್ಯುಟಿ ನಜೀರ್ ಅಹ್ಮದ್ 1869ರಲ್ಲಿ ಪ್ರಕಟಿಸಿದ ‘ಮಿರಾತುಲ್ ಉರೂಸ್’ ಕಾದಂಬರಿಯ ನಾಯಕಿಯರು ಅವರು. ಸರ್ಕಾರಿ ಅಧಿಕಾರಿಯಾಗಿದ್ದ ನಜೀರ್ ಅಹ್ಮದ್ ಇದನ್ನು ಬರೆದದ್ದು ತಮ್ಮ ಹೆಣ್ಣುಮಕ್ಕಳು ಮನೆಯಲ್ಲೇ ಓದಿಕೊಳ್ಳಲೆಂದು. ಮುಂದೆ ಅದಕ್ಕೆ ಸರ್ಕಾರ ಸಾವಿರ ರೂಪಾಯಿಯ ಬಹುಮಾನ ಕೊಟ್ಟಿತು. ಉರ್ದುವಿನ ಮೊದಲ ಕಾದಂಬರಿಗಳಲ್ಲೊಂದು ಹುಟ್ಟಿದ್ದೇ ಮನೆಪಾಠದ ಪುಸ್ತಕವಾಗಿ.

ಈ ಹಳೆಯ ಕೃತಿಯನ್ನು ಈಗ ಮತ್ತೆ ಓದುವುದಕ್ಕೆ ಕಾರಣವಿದೆ. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ತಂದೆತಾಯಿಗಳು ನಮ್ಮ ನಗರಗಳಲ್ಲಿ ಕಾಣಿಸುತ್ತಿದ್ದಾರೆ. ಇದಕ್ಕೆ ಕಾನೂನಿನ ಒಪ್ಪಿಗೆ ಇದೆಯೇ ಎಂಬ ಪ್ರಶ್ನೆಗೆ ಸಿಗುವ ಉತ್ತರ ಮಾತ್ರ ವಿಚಿತ್ರವಾಗಿದೆ.

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯ ಎಂದು ಅದರ 10ನೇ ಕಲಂ ಹೇಳುತ್ತದೆ. ಸೇರಿಸದಿದ್ದರೆ? ಆ ಕಾಯ್ದೆಯಲ್ಲಿ ತಂದೆತಾಯಿಗಳಿಗೆ ಶಿಕ್ಷೆಯೇ ಇಲ್ಲ. ತೀವ್ರ ಅಥವಾ ಬಹುವಿಧ ಅಂಗವೈಕಲ್ಯವುಳ್ಳ ಮಕ್ಕಳನ್ನು ಬಿಟ್ಟರೆ ಬೇರೆಯವರ ಮನೆಶಿಕ್ಷಣದ ಮಾತೂ ಅದರಲ್ಲಿಲ್ಲ. ಒಪ್ಪಿಗೆಯೂ ಇಲ್ಲ, ನಿಷೇಧವೂ ಇಲ್ಲ, ನೋಂದಣಿಯೂ ಇಲ್ಲ. ಮಗು ಮುಂದೆ ಶಾಲೆಗೆ ಬಂದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದು 4ನೇ ಕಲಂ ಹೇಳುತ್ತದೆ. 14 ತುಂಬಿದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೇ ತರಗತಿಯ ಪರೀಕ್ಷೆಗೆ ಕೂರಬಹುದು. ತಿಳಿವಳಿಕೆಯುಳ್ಳ ಕುಟುಂಬಗಳು ಹೀಗೆ ದಾರಿ ಮಾಡಿಕೊಳ್ಳುತ್ತವೆ.

ಬೇರೆ ದೇಶಗಳ ಕಾನೂನು ಇಷ್ಟು ಮೌನವಾಗಿಲ್ಲ. ಮಗುವಿಗೆ ಶಿಕ್ಷಣ ಸಿಗುವುದು ಶಾಲೆಯ ಹಾಜರಾತಿಯಿಂದಲಾದರೂ ಸರಿ, ಬೇರೆ ರೀತಿಯಿಂದಲಾದರೂ ಸರಿ ಎಂದು ಇಂಗ್ಲೆಂಡಿನ 1944ರ ಕಾಯ್ದೆ ಬರೆದಿಟ್ಟಿತು. ಅಲ್ಲಿನ ಮನೆಶಿಕ್ಷಣವೆಲ್ಲ ನಿಂತಿರುವುದು ಆ ‘ಬೇರೆ ರೀತಿ’ ಎಂಬ ಮಾತಿನ ಮೇಲೆ. ಜರ್ಮನಿಯಲ್ಲಿ ಮಗು ಶಾಲೆಗೇ ಹೋಗಬೇಕು. ಆ ನಿಯಮವನ್ನು ಪ್ರಶ್ನಿಸಿದ ಕುಟುಂಬದ ಮೊರೆಯನ್ನು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2006ರಲ್ಲಿ ತಳ್ಳಿಹಾಕಿತು. ಎರಡನ್ನೂ ಒಪ್ಪದಿರಬಹುದು. ಆದರೆ ಎರಡೂ ಕಡೆ ಕಾನೂನು ತನ್ನ ಮಾತನ್ನು ಆಡಿದೆ.

ಈಗ ಅಸ್ಗರಿಯ ಕಡೆಗೆ ಬರೋಣ. ಮದುವೆಯಾಗಿ ಬಂದ ಮನೆಯಲ್ಲಿ ಲೆಕ್ಕಪತ್ರ ನೋಡಿ ಕೆಲಸದಾಕೆ ಮಾಮಾ ಅಜ್ಮತಳ ಮೋಸವನ್ನು ಹಿಡಿಯುವ ಹುಡುಗಿ ಈಕೆ. ಮುಂದೆ ಶ್ರೀಮಂತರ ಮಗಳು ಹುಸ್ನ್ ಆರಾಳಿಗೆ ಪಾಠ ಹೇಳಲು ತೊಡಗಿ, ಮೊಹಲ್ಲಾದ ಹುಡುಗಿಯರನ್ನೂ ಸೇರಿಸಿಕೊಂಡು ಮನೆಯಲ್ಲೇ ಮಕ್ತಬ್ ನಡೆಸುತ್ತಾಳೆ. 1872ರ ‘ಬನಾತುನ್ನಾಶ್’ ಕಾದಂಬರಿಯಲ್ಲಿ ಆ ಮಕ್ತಬಿಗೆ ಭೂಗೋಳ, ವಿಜ್ಞಾನಗಳೂ ಬರುತ್ತವೆ.

ಈ ಅಸ್ಗರಿ ಇಂದು ಇದ್ದಿದ್ದರೆ? ಮಾನ್ಯತೆಯಿಲ್ಲದೆ ಶಾಲೆ ನಡೆಸಿದವರಿಗೆ ಕಾಯ್ದೆಯಲ್ಲಿ ಒಂದು ಲಕ್ಷ ರೂಪಾಯಿಯವರೆಗೆ ದಂಡವಿದೆ. ಮುಂದುವರಿಸಿದರೆ ದಿನಕ್ಕೆ ಹತ್ತು ಸಾವಿರ. ನೆರೆಯ ಹುಡುಗಿಯರಿಗೆ ಅಕ್ಷರ ಕಲಿಸಿದವಳ ಬಾಗಿಲಿಗೆ ನೋಟಿಸು ಬರಬಹುದು. ಮಗಳಿಗೆ ಏನೂ ಕಲಿಸದೆ ಮನೆಯಲ್ಲಿ ಕೂರಿಸಿದ ತಂದೆಗೆ ಅದೇ ಕಾಯ್ದೆಯಡಿ ದಂಡವಿಲ್ಲ. 2012ರ ತಿದ್ದುಪಡಿಯ ಪ್ರಕಾರ ಮದರಸಾ, ವೇದ ಪಾಠಶಾಲೆ ಮತ್ತು ಮುಖ್ಯವಾಗಿ ಧಾರ್ಮಿಕ ಬೋಧನೆ ನೀಡುವ ಸಂಸ್ಥೆಗಳಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಅಂದರೆ ದೀನಿಯಾತ್ ಮಾತ್ರ ಕಲಿಸಿದ್ದರೆ ಅಸ್ಗರಿಗೆ ತೊಂದರೆಯಿರಲಿಲ್ಲ. ಭೂಗೋಳದ ನಕ್ಷೆ ಬಿಡಿಸಿದ್ದೇ ಅವಳನ್ನು ಸಿಕ್ಕಿಸುತ್ತದೆ!

ಹಾಗೆಂದು ಮನೆಶಿಕ್ಷಣವನ್ನು ಕಣ್ಣುಮುಚ್ಚಿ ಹೊಗಳಲು ನಾವು ಸಿದ್ಧರಿಲ್ಲ. ನಜೀರ್ ಅಹ್ಮದರ ಕಾದಂಬರಿಯೇ ನಮ್ಮನ್ನು ಎಚ್ಚರಿಸುತ್ತದೆ. ಅಕ್ಬರಿಯೂ ಅದೇ ಮನೆಯ ಮಗಳು. ಮುದ್ದಿನಲ್ಲಿ ಬೆಳೆದು, ಏನೂ ಕಲಿಯದೆ, ಯಾರೋ ಹಜ್ಜನ್ ಎಂದು ಹೇಳಿಕೊಂಡು ಬಂದವಳನ್ನು ನಂಬಿ ಒಡವೆ ಕಳೆದುಕೊಂಡವಳು. ಒಂದೇ ಮನೆ ಒಬ್ಬಳನ್ನು ಅಸ್ಗರಿ ಮಾಡಿತು, ಇನ್ನೊಬ್ಬಳನ್ನು ಅಕ್ಬರಿ ಮಾಡಿತು. ‘ನಮ್ಮ ಹುಡುಗಿ ಮನೆಯಲ್ಲೇ ಓದುತ್ತಾಳೆ’ ಎಂಬ ಮಾತು ನಮ್ಮ ಮೊಹಲ್ಲಾಗಳಲ್ಲಿ ಎಷ್ಟು ಸಲ ಓದು ನಿಂತುಹೋದದ್ದನ್ನು ಮುಚ್ಚುವ ಸೆರಗಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಕಾನೂನಿನ ಮೌನ ಈ ಸೆರಗಿಗೆ ಇನ್ನೊಂದು ಮಡಿಕೆ ಸೇರಿಸುತ್ತದೆ. ಉಳ್ಳವರ ಮಗುವಿಗೆ ಅದು ಸ್ವಾತಂತ್ರ್ಯ; ಇಲ್ಲದವರ ಮಗಳಿಗೆ ಅದೇ ಬೀಗ.

ನಜೀರ್ ಅಹ್ಮದರ ಮಿತಿಯೂ ಇಲ್ಲೇ ಇದೆ. ಅವರ ಅಸ್ಗರಿ ಎಷ್ಟು ಜಾಣೆಯಾದರೂ ಆ ಜಾಣತನ ಸಲ್ಲುವುದು ಸಂಸಾರ ತೂಗಿಸುವುದಕ್ಕೆ. ಮನೆಯೊಳಗಿನ ಕಲಿಕೆ ಹೊರಗಿನ ಬಾಗಿಲನ್ನೂ ತೆರೆಯಬೇಕೆಂದು ತೋರಿಸಿದವರು ಬಂಗಾಳದ ಬೇಗಂ ರುಕಿಯಾ. ಅಣ್ಣನಿಂದ ರಾತ್ರಿ ಹೊತ್ತು ಗುಟ್ಟಾಗಿ ಇಂಗ್ಲಿಷ್ ಕಲಿತ ಆಕೆ 1911ರಲ್ಲಿ ಕಲ್ಕತ್ತೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಮನೆಯಲ್ಲಿ ಕಲಿತವಳೇ ಮನೆಮನೆಯಿಂದ ಹುಡುಗಿಯರನ್ನು ಹೊರಗೆ ಕರೆತಂದಳು.

ಆದ್ದರಿಂದ ಕಾನೂನು ಕಟ್ಟಡದ ಮಾನ್ಯತೆಯನ್ನಷ್ಟೇ ಕೇಳಿ ಸುಮ್ಮನಾಗುವುದು ಸಾಲದು. ಮನೆಯಲ್ಲಿ ಕಲಿಸುವವರು ಆ ವಿಷಯವನ್ನು ಅಧಿಕೃತವಾಗಿ ತಿಳಿಸಲಿ. ವರ್ಷಕ್ಕೊಮ್ಮೆ ಯಾರಾದರೂ ಬಂದು, ತಂದೆಯನ್ನಲ್ಲ, ಮಗುವನ್ನೇ ಕೂರಿಸಿಕೊಂಡು ಮಾತನಾಡಲಿ: ಏನು ಓದಿದೆ, ಮುಂದೆ ಏನಾಗಬೇಕೆಂದಿದ್ದೀಯ, ಶಾಲೆಗೆ ಹೋಗುವ ಆಸೆಯಿದೆಯೇ? ಅಸ್ಗರಿಗೆ ಈ ಪ್ರಶ್ನೆಗಳ ಭಯವಿಲ್ಲ. ಅಕ್ಬರಿಗೆ ಈ ಪ್ರಶ್ನೆಗಳನ್ನು ಈವರೆಗೆ ಯಾರೂ ಕೇಳಿಲ್ಲ.