ಸೆಂಟು, ಗುಂಟೆ ಮತ್ತು ಪೂರ್ಣಾಂಕದ ಪಾಠ

ತಾಳವಾಡಿಯಲ್ಲಿ ಹೊಲವನ್ನು ಸೆಂಟಿನಲ್ಲಿ ಹೇಳುತ್ತಾರೆ. ಗಡಿ ದಾಟಿ ಚಾಮರಾಜನಗರದ ಕಡೆ ಹೋದರೆ ಮಾತು ಗುಂಟೆಗೆ ತಿರುಗುತ್ತದೆ. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ನೆಂಟಸ್ತಿಕೆ ಮಾತ್ರ ಎರಡೂ ಕಡೆ ಹಬ್ಬಿಕೊಂಡಿದೆ. ಎಕರೆಗೆ 100 ಸೆಂಟು, 40 ಗುಂಟೆ. ಹಾಗಾಗಿ ಆಚೆ ಒಂದು ಗುಂಟೆ ಇದ್ದದ್ದು ಈಚೆ ಎರಡೂವರೆ ಸೆಂಟು. ನೆಲ ಅಷ್ಟೇ ಇದೆ, ಅಳತೆ ಬದಲಾದ ಕೂಡಲೇ ಇಡಿಯಾಗಿದ್ದ ಸಂಖ್ಯೆ ಭಿನ್ನರಾಶಿಯಾಯಿತು. ಸಂಖ್ಯೆಗಳ ಬಗೆಗಳನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಆದರೂ ನಮ್ಮ ಶಾಲೆಗಳಲ್ಲಿ ಈ ಪಾಠ ನಡೆಯುವ ರೀತಿ ನನಗೆ ಒಪ್ಪಿಗೆಯಾಗುವುದಿಲ್ಲ.

ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ಸ್ವಾಭಾವಿಕ ಸಂಖ್ಯೆ, ಅದಕ್ಕೆ ಸೊನ್ನೆ ಸೇರಿಸಿದರೆ ಪೂರ್ಣ ಸಂಖ್ಯೆ, ಋಣ ಸಂಖ್ಯೆಗಳು ಸೇರಿದರೆ ಪೂರ್ಣಾಂಕ, ಆಮೇಲೆ ಭಾಗಲಬ್ಧ, ಕೊನೆಗೆ ವಾಸ್ತವ. ಹಲಗೆಯ ಮೇಲೆ ಒಂದರೊಳಗೊಂದು ವೃತ್ತ. ಪರೀಕ್ಷೆಯಲ್ಲಿ ‘ಪ್ರತಿ ಪೂರ್ಣಾಂಕವೂ ಭಾಗಲಬ್ಧ ಸಂಖ್ಯೆ: ಸರಿಯೋ ತಪ್ಪೋ’. ಈ ಜೋಡಣೆಯಲ್ಲಿ ತರ್ಕದ ದೋಷವಿಲ್ಲ, ಮುಂದೆ ಗಣಿತ ಓದುವವರಿಗೆ ಇದು ಬೇಕೇ ಬೇಕು. ಆದರೆ ವೃತ್ತ ಮೊದಲು ಬಂದು ಪ್ರಶ್ನೆ ಬರದೇ ಹೋದರೆ ಮಗುವಿಗೆ ಉಳಿಯುವುದು ಹೆಸರಿನ ಪಟ್ಟಿ. ಮೂರರಿಂದ ಐದನ್ನು ಕಳೆಯಬೇಕಾದಾಗ ಋಣ ಸಂಖ್ಯೆ ಬೇಕಾಯಿತು, ಎರಡು ಹೊಲ ಮೂವರಿಗೆ ಹಂಚಬೇಕಾದಾಗ ಭಿನ್ನ ಬೇಕಾಯಿತು. ಈ ಬೇಕುಗಳೇ ಪಾಠ.

ಭಿನ್ನರಾಶಿಯ ವಿಷಯದಲ್ಲಂತೂ ಪುಸ್ತಕ ಮಗುವಿಗಿಂತ ಹಿಂದಿದೆ. ಕಾಲು, ಅರೆ, ಮುಕ್ಕಾಲು ಗೊತ್ತಿಲ್ಲದೆ ಯಾವ ಮಗುವೂ ಅಂಗಡಿಗೆ ಹೋಗುವುದಿಲ್ಲ. ಹಳೆಯ ಮಗ್ಗಿಯಲ್ಲಿ ವೀಸ ಹದಿನಾರರಲ್ಲೊಂದು, ಕಾಣಿ ಅರವತ್ತನಾಲ್ಕರಲ್ಲೊಂದು. ಕಾಲಿನ ಕಾಲು ವೀಸ, ವೀಸದ ಕಾಲು ಕಾಣಿ. ಭಿನ್ನವನ್ನು ಭಿನ್ನದಿಂದ ಗುಣಿಸುವ ಲೆಕ್ಕ ಆ ಮಗ್ಗಿಯೊಳಗೇ ಇತ್ತು. ಅದನ್ನು ಪೂರ್ತಿ ಬಿಟ್ಟದ್ದು ನಷ್ಟ.

ಋಣ ಸಂಖ್ಯೆಯ ಪಾಠ ಇನ್ನೂ ಎಡವುತ್ತದೆ. ಎನ್‌ಸಿಇಆರ್‌ಟಿಯ ಹಿಂದಿನ ಆರನೆಯ ತರಗತಿಯ ಪುಸ್ತಕ ಸಿಯಾಚಿನ್, ಶ್ರೀನಗರಗಳ ಚಳಿಯಿಂದ ಅದನ್ನು ವಿವರಿಸುತ್ತಿತ್ತು. 2024ರ ‘ಗಣಿತ ಪ್ರಕಾಶ’ ಲಿಫ್ಟು ಹತ್ತಿಸುತ್ತದೆ, ಮೇಲಿನ ಮಹಡಿ ಧನ, ನೆಲಮಾಳಿಗೆ ಋಣ. ಇದು ಉತ್ತಮ ಹೆಜ್ಜೆ, ಏಕೆಂದರೆ ಸಂಖ್ಯೆ ಇಲ್ಲಿ ಚಲಿಸುತ್ತದೆ. ಆದರೆ ತಾಳವಾಡಿಯ ಮಗು ಹತ್ತಿ ಇಳಿಯುವುದು ದಿಂಬಂ ಘಾಟಿಯನ್ನು. ಬಣ್ಣಾರಿಯಿಂದ ಮೇಲಕ್ಕೆ 27 ಹೇರ್‌ಪಿನ್ ತಿರುವುಗಳು. ಮಧ್ಯದ ಹದಿನಾಲ್ಕನೆಯದನ್ನು ಸೊನ್ನೆ ಎಂದುಕೊಳ್ಳಿ: ಮೇಲೆ ಹದಿಮೂರು ಧನ, ಕೆಳಗೆ ಹದಿಮೂರು ಋಣ. ಸೊನ್ನೆ ಎಂದರೆ ಏನೂ ಇಲ್ಲದ ಜಾಗವಲ್ಲ, ನಾವು ಆರಿಸಿಕೊಂಡ ಜಾಗ ಎಂಬುದು ಅಲ್ಲೇ ಕಾಣುತ್ತದೆ.

ಹೆಚ್ಚಿನ ಮೇಷ್ಟ್ರುಗಳು ಸಾಲದ ಉದಾಹರಣೆ ಕೊಡುತ್ತಾರೆ. 628ರಲ್ಲಿ ಬ್ರಹ್ಮಗುಪ್ತನೂ ಧನ, ಋಣ ಎಂದೇ ನಿಯಮ ಬರೆದ. ಕೂಡುವುದಕ್ಕೆ ಸಾಲ ಚೆನ್ನಾಗಿ ಒದಗುತ್ತದೆ, ಗುಣಾಕಾರಕ್ಕೆ ಬಂದಾಗ ಕೈಕೊಡುತ್ತದೆ. ಸಾಲವನ್ನು ಸಾಲದಿಂದ ಗುಣಿಸಿದರೆ ಲಾಭ ಹೇಗಾಯಿತು? ಉತ್ತರವಿಲ್ಲದೆ ‘ಋಣ ಋಣ ಧನ’ ಎಂದು ಉರು ಹೊಡೆಸುತ್ತಾರೆ. ಘಾಟಿಯಲ್ಲಿ ಉತ್ತರವಿದೆ. ಬಸ್ಸು ಐದು ನಿಮಿಷಕ್ಕೆ ಎರಡು ತಿರುವಿನಂತೆ ಇಳಿಯುತ್ತಿದೆ, ಈಗ ಸೊನ್ನೆಯಲ್ಲಿದೆ ಎನ್ನಿ. ಇಳಿಯುವುದು −2. ಅಂಥ ಮೂರು ಅವಧಿ ಹಿಂದಕ್ಕೆ ಹೋದರೆ −3. ಆಗ ಬಸ್ಸು ಎಲ್ಲಿತ್ತು? ಆರು ತಿರುವು ಮೇಲೆ. ಋಣ ಎಂದರೆ ದಿಕ್ಕು ಎಂದು ತಿಳಿದ ಮಗುವಿಗೆ ಈ ನಿಯಮವನ್ನು ಯಾರೂ ಉರು ಹೊಡೆಸಬೇಕಾಗಿಲ್ಲ. ರಾಷ್ಟ್ರಕೂಟರ ಕಾಲದ ಮಹಾವೀರಾಚಾರ್ಯ ಋಣಕ್ಕೆ ವರ್ಗಮೂಲವಿಲ್ಲ ಎಂದದ್ದೂ ಇದರಿಂದಲೇ ಅರ್ಥವಾಗುತ್ತದೆ: ಒಂದೇ ಚಿಹ್ನೆಯ ಎರಡು ಸಂಖ್ಯೆ ಗುಣಿಸಿದರೆ ಋಣ ಬರುವುದೇ ಇಲ್ಲ. ಅದೇ ಮಹಾವೀರ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದು ಬರೆದಿದ್ದಾನೆ, ಅದು ತಪ್ಪು. ಇದನ್ನೂ ಮಕ್ಕಳಿಗೆ ಹೇಳಬೇಕು. ಅಂಥ ಪಂಡಿತನಿಗೂ ಕಷ್ಟವಾದ ಜಾಗ ಅದು ಎಂದು ಅವರಿಗೆ ಗೊತ್ತಾಗಲಿ.

ಅಭಾಗಲಬ್ಧ ಸಂಖ್ಯೆ ಎಂದರೆ ಎರಡರ ವರ್ಗಮೂಲ ಎಂದಷ್ಟೇ ಹೇಳಿ ಮುಗಿಸುವ ಅಭ್ಯಾಸ ನನಗೆ ಎಲ್ಲಕ್ಕಿಂತ ಬೇಸರ ತರಿಸುತ್ತದೆ. ಮತ್ತೆ ಹೊಲಕ್ಕೆ ಬನ್ನಿ. ಒಂದು ಗುಂಟೆ 1089 ಚದರಡಿ. ಚೌಕವಾಗಿ ಗುರುತು ಹಾಕಿದರೆ ಬದಿ ಸರಿಯಾಗಿ 33 ಅಡಿ. ಒಂದು ಸೆಂಟು 435.6 ಚದರಡಿ. ಅದನ್ನು ಚೌಕ ಮಾಡಹೊರಟರೆ ಬದಿ 20.87 ಅಡಿ ದಾಟಿ ದಶಾಂಶಗಳು ಮುಗಿಯದೆ, ಒಂದೇ ಗುಂಪು ಮರುಕಳಿಸದೆ ಸಾಗುತ್ತವೆ. ವಿಸ್ತೀರ್ಣಗಳ ಅನುಪಾತ ಎರಡೂವರೆ, ಎಷ್ಟು ಸರಳ! ಬದಿಗಳ ಅನುಪಾತ ಎರಡೂವರೆಯ ವರ್ಗಮೂಲ, ಯಾವ ಭಿನ್ನರಾಶಿಗೂ ಸಿಗದು. ಎಷ್ಟೇ ಸಣ್ಣ ಅಳತೆಗೋಲು ತನ್ನಿ, ಅದು ಗುಂಟೆಯ ಬದಿಯನ್ನೂ ಸೆಂಟಿನ ಬದಿಯನ್ನೂ ಎರಡನ್ನೂ ಇಡಿಯಾಗಿ ಅಳೆಯಲಾರದು. ಗುಂಟೆಯಿಂದ ಸೆಂಟಿಗೆ ಬಂದಾಗ ಹುಟ್ಟಿದ ಅರ್ಧವನ್ನು ಅರೆಸೆಂಟನ್ನೇ ಒಂದು ಎಂದುಕೊಂಡು ಹೋಗಲಾಡಿಸಬಹುದು. ಈ ಬದಿಗಳ ವಿಷಯದಲ್ಲಿ ಅಂಥ ಉಪಾಯವಿಲ್ಲ. ಭಾಗಲಬ್ಧಕ್ಕೂ ಅಭಾಗಲಬ್ಧಕ್ಕೂ ಇರುವ ಅಂತರ ಇದೇ.

ತಮಿಳುನಾಡಿನ ಪಠ್ಯವನ್ನು ಕನ್ನಡದಲ್ಲಿ ಓದುವ ಮಕ್ಕಳು ಈ ಬೆಟ್ಟದ ಮೇಲಿದ್ದಾರೆ. ಪುಸ್ತಕದ ಲೆಕ್ಕಗಳನ್ನು ಬದಲಿಸುವುದು ಮೇಷ್ಟ್ರ ಕೈಯಲ್ಲಿಲ್ಲ, ನಿಜ. ಆದರೆ ಒಂಬತ್ತನೆಯ ತರಗತಿಯವರನ್ನು ಶಾಲೆಯ ಬಯಲಿಗೆ ಕರೆದೊಯ್ದು, ಹಗ್ಗ ಹಿಡಿದು ಒಂದು ಗುಂಟೆ, ಪಕ್ಕದಲ್ಲಿ ಒಂದು ಸೆಂಟು ಗುರುತು ಮಾಡಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.