ಸಲ್ಗಾಡೊ ಕ್ಯಾಮೆರಾ ಬದಲಿಸಿದಾಗ

ಫಿಲ್ಮ್ ಕ್ಯಾಮೆರಾ ಒಳ್ಳೆಯದೋ ಡಿಜಿಟಲ್ಲೋ ಎಂಬ ವಾದ ಸಾಮಾನ್ಯವಾಗಿ ಭಾವುಕತೆಯಲ್ಲೇ ಮುಗಿಯುತ್ತದೆ. ಫಿಲ್ಮಿಗೆ ಆತ್ಮವಿದೆ ಎಂದು ಒಬ್ಬರು, ಅದೆಲ್ಲ ಹಳೆಯದರ ಹಂಬಲ ಬಿಡಿ ಎಂದು ಇನ್ನೊಬ್ಬರು. ಈ ಇಬ್ಬರನ್ನೂ ಪೇಚಿಗೆ ಸಿಕ್ಕಿಸುವ ಪುಸ್ತಕವೊಂದಿದೆ: ಬ್ರೆಜಿಲ್‌ನ ಛಾಯಾಗ್ರಾಹಕ ಸೆಬಾಸ್ಟಿಯಾವೊ ಸಲ್ಗಾಡೊನ 'ಜೆನೆಸಿಸ್'. ಮನುಷ್ಯರ ಕೈ ಹೆಚ್ಚು ತಾಗದ ನೆಲ, ಪ್ರಾಣಿ, ಸಮುದಾಯಗಳನ್ನು ಹುಡುಕಿಕೊಂಡು 2004ರಲ್ಲಿ ಹೊರಟ ಆತ, ಮೊದಲ ಕೆಲವು ವರ್ಷ ತೆಗೆದದ್ದು ಫಿಲ್ಮಿನಲ್ಲಿ. 2008ರಲ್ಲಿ ಡಿಜಿಟಲ್‌ಗೆ ಬದಲಾದ. 2013ರಲ್ಲಿ ಬಂದ ಪುಸ್ತಕದಲ್ಲಿ ಎರಡೂ ಬಗೆಯ ಚಿತ್ರಗಳು ಅಕ್ಕಪಕ್ಕದಲ್ಲಿವೆ. ಯಾವುದು ಯಾವುದೆಂದು ಪುಟ ತಿರುವುತ್ತ ಹೇಳಿ ನೋಡಿ. ನನ್ನಿಂದಂತೂ ಆಗುವುದಿಲ್ಲ.

ಬದಲಾವಣೆಗೆ ಇದ್ದ ಕಾರಣ ಕಲೆಗೆ ಸಂಬಂಧಿಸಿದ್ದಲ್ಲ. 2001ರ ನಂತರ ವಿಮಾನ ನಿಲ್ದಾಣಗಳಲ್ಲಿ ತಪಾಸಣೆ ಬಿಗಿಯಾಯಿತು. ಒಂದು ಪ್ರಯಾಣದಲ್ಲಿ ಹಲವು ಬಾರಿ ಎಕ್ಸ್‌ರೇ ಯಂತ್ರದೊಳಗೆ ಹಾದುಹೋದ ಫಿಲ್ಮು ಮಂಕಾಗುತ್ತದೆ, ಕಪ್ಪು ಬಿಳುಪಿನ ನಡುವಿನ ಬೂದು ಛಾಯೆಗಳು ಕೆಡುತ್ತವೆ. ಸಲ್ಗಾಡೊನ ಚಿತ್ರಗಳು ನಿಂತಿರುವುದೇ ಆ ಬೂದುಗಳ ಮೇಲೆ.

ಆದರೆ ಆತ ಬದಲಿಸಿದ್ದು ಕ್ಯಾಮೆರಾವನ್ನು ಮಾತ್ರ, ಅಭ್ಯಾಸವನ್ನಲ್ಲ. ಕಂಪ್ಯೂಟರ್ ಪರದೆಯ ಮೇಲೆ ಚಿತ್ರ ಆರಿಸುವುದು ಆತನಿಗೆ ಒಗ್ಗಲಿಲ್ಲ. ಹಾಗಾಗಿ ಡಿಜಿಟಲ್ ಚಿತ್ರಗಳನ್ನೂ ಕಾಂಟ್ಯಾಕ್ಟ್ ಶೀಟುಗಳಾಗಿ ಮುದ್ರಿಸಿಕೊಂಡು, ಹಿಂದಿನಂತೆಯೇ ಭೂತಗನ್ನಡಿ ಹಿಡಿದು ಆರಿಸುತ್ತಿದ್ದ. ಆರಿಸಿದವಕ್ಕೆ ಸಾಫ್ಟ್‌ವೇರ್ ಮೂಲಕ ಕೊಡ್ಯಾಕ್ ಟ್ರೈ-ಎಕ್ಸ್ ಫಿಲ್ಮಿನ ತರಿಯನ್ನು ಸೇರಿಸಲಾಯಿತು. ಆಮೇಲೆ ಆ ಕಡತಗಳಿಂದ 4x5 ಇಂಚಿನ ನಿಜವಾದ ನೆಗೆಟಿವ್‌ಗಳನ್ನು ಮಾಡಿಸಿ, ಡಾರ್ಕ್‌ರೂಮಿನಲ್ಲಿ ಬೆಳ್ಳಿ ಲವಣದ ಕಾಗದದ ಮೇಲೆ ಮುದ್ರಿಸಿದ್ದೂ ಉಂಟು. ಡಿಜಿಟಲ್‌ಗೆ ಹೋದವನು ಇಷ್ಟು ದೂರ ನಡೆದು ಮತ್ತೆ ಫಿಲ್ಮಿನ ಮನೆಗೇ ಬಂದ!

ನನ್ನ ತಕರಾರು ಇರುವುದು ಆ ತರಿಯ ಬಗ್ಗೆ. ಫಿಲ್ಮಿನಲ್ಲಿ ತರಿ ಅಲಂಕಾರವಲ್ಲ. ಬೆಳಕು ತಾಗಿದ ಬೆಳ್ಳಿಯ ಹರಳುಗಳು ಡೆವಲಪರ್‌ನಲ್ಲಿ ಕಪ್ಪಾಗಿ ಗುಂಪುಗೂಡಿದ ಗುರುತು ಅದು; ಚಿತ್ರದ ಮೈಯೇ ಅದು. 1986ರಲ್ಲಿ ಸಲ್ಗಾಡೊ ಬ್ರೆಜಿಲ್‌ನ ಸೆರಾ ಪೆಲಾಡ ಎಂಬ ಚಿನ್ನದ ಗಣಿಯಲ್ಲಿ ತೆಗೆದ ಚಿತ್ರಗಳನ್ನು ನೋಡಿ. ಬೆಟ್ಟವೇ ಬಾಯ್ದೆರೆದಂಥ ಗುಂಡಿ, ಮೂಟೆ ಹೊತ್ತು ಮರದ ಏಣಿಗಳನ್ನು ಹತ್ತುವ ಸಾವಿರಾರು ಗಂಡಸರು, ಎಲ್ಲರ ಮೈಗೂ ಒಂದೇ ಕೆಸರು. ಅಲ್ಲಿ ಕೆಸರು ಎಲ್ಲಿ ಮುಗಿಯಿತು, ಫಿಲ್ಮಿನ ತರಿ ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ಚಿತ್ರದ ಶಕ್ತಿಯ ಅರ್ಧ ಪಾಲು ಇರುವುದು ಈ ಗೊಂದಲದಲ್ಲಿ. ಅದೇ ತರಿಯನ್ನು 'ಜೆನೆಸಿಸ್'ನ ಹಿಮಗಡ್ಡೆಯ ಮೇಲೋ ಸೀಲ್ ಪ್ರಾಣಿಯ ನುಣ್ಣನೆಯ ಚರ್ಮದ ಮೇಲೋ ಆಮೇಲೆ ಸೇರಿಸಿದಾಗ, ಅದು ಎದುರಿಗಿರುವ ವಸ್ತುವಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಇದು ಸಲ್ಗಾಡೊನ ಚಿತ್ರ ಎಂದಷ್ಟೇ ಹೇಳುತ್ತದೆ. ಪುಸ್ತಕಕ್ಕೆ ಒಂದು ಹದ ಬರಲೆಂದು ಹಾಗೆ ಮಾಡಿದ್ದು ಅರ್ಥವಾಗುತ್ತದೆ. ಮೋಸ ಎನ್ನಲಾರೆ. ಆದರೆ ಹೊಸ ಸಾಧನ ಹೊಸದಾಗಿ ಏನನ್ನು ಕಾಣಬಲ್ಲದು ಎಂದು ತಿಳಿಯುವ ಅವಕಾಶವನ್ನು ಆ ತರಿ ಮುಚ್ಚಿಬಿಟ್ಟಿತು.

ಕಾಡಿನ ಛಾಯಾಗ್ರಹಣದಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಮೂಡಿಗೆರೆಯ ತೇಜಸ್ವಿ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರಂಥವರು ಫಿಲ್ಮಿನ ಕಾಲದಲ್ಲಿ ಹಕ್ಕಿಗಾಗಿ ಕಾದು ಕೂರಬೇಕಿತ್ತು. ರೋಲಿನಲ್ಲಿ 36 ಚಿತ್ರ, ಸರಿ ಬಂತೋ ಇಲ್ಲವೋ ಎಂದು ತಿಳಿಯುವುದು ಅದನ್ನು ತೊಳೆದ ಮೇಲೆ. ಆಗ ಹೆಸರುವಾಸಿಯಾಗಿದ್ದ ಕೊಡಾಕ್ರೋಮ್ ಸ್ಲೈಡ್ ಫಿಲ್ಮಿನ ವೇಗ 64. ಇಂದು ಮುಸ್ಸಂಜೆಯ ಕಾಡಿನಲ್ಲಿ 6400ಕ್ಕೆ ಏರಿಸಿ ಹಕ್ಕಿಯ ರೆಕ್ಕೆ ಬಡಿತವನ್ನು ನಿಲ್ಲಿಸಬಹುದು. ಲೆಕ್ಕ ಹಾಕಿದರೆ ನೂರು ಪಟ್ಟು ಕಡಿಮೆ ಬೆಳಕು ಸಾಕು. ಇಲ್ಲಿ ಫಿಲ್ಮ್ ಬೇಕೆಂದು ಹಟ ಹಿಡಿಯುವುದು ಹಕ್ಕಿಗಿಂತ ತನ್ನ ತಾಳ್ಮೆಯನ್ನು ತೋರಿಸಿಕೊಳ್ಳುವ ಆಸೆ ಇರಬಹುದು. ರಾತ್ರಿಯ ಆಕಾಶದ ಮಾತೂ ಹಾಗೆಯೇ: ಶಟರ್ ತೆರೆದಿಟ್ಟಷ್ಟೂ ಫಿಲ್ಮಿನ ಗ್ರಹಣಶಕ್ತಿ ಕುಗ್ಗುತ್ತ ಹೋಗುತ್ತದೆ, ಡಿಜಿಟಲ್‌ಗೆ ಆ ತೊಂದರೆಯಿಲ್ಲ.

ಭಾವಚಿತ್ರದಲ್ಲಿ ಮಾತ್ರ ನಾನು ಫಿಲ್ಮಿನ ಕಡೆಗೆ ವಾಲುತ್ತೇನೆ. ನೆಗೆಟಿವ್ ಫಿಲ್ಮಿನಲ್ಲಿ ಹೆಚ್ಚಾದ ಬೆಳಕು ಮೆಲ್ಲಗೆ ಕರಗುತ್ತದೆ. ಡಿಜಿಟಲ್‌ನಲ್ಲಿ ಮಿತಿ ದಾಟಿದ ಕೂಡಲೇ ಕೆನ್ನೆಯ ಮೇಲಿನ ಬೆಳಕು ಬಿಳಿಯ ತೂತಾಗುತ್ತದೆ. ಇನ್ನೂ ಮುಖ್ಯವಾದದ್ದು, ಹಿಂದೆ ನೋಡಲು ಪರದೆ ಇಲ್ಲದ ಕ್ಯಾಮೆರಾ ಹಿಡಿದವನು ಎದುರು ಕೂತವರನ್ನೇ ನೋಡುತ್ತಿರಬೇಕು. ಜೊತೆಗೆ, ನೆಗೆಟಿವನ್ನು ಐವತ್ತು ವರ್ಷದ ಮೇಲೂ ಕಿಟಕಿಗೆ ಹಿಡಿದರೆ ಅಜ್ಜಿಯ ಮುಖ ಕಾಣುತ್ತದೆ. ಹಾರ್ಡ್ ಡಿಸ್ಕಿನಲ್ಲಿರುವ ಮುಖವನ್ನು ಯಾರಾದರೂ ಆಗಾಗ ಬೇರೆ ಡಿಸ್ಕಿಗೆ ದಾಟಿಸುತ್ತಿರಬೇಕು.

ಇಷ್ಟಾಗಿಯೂ ಸಲ್ಗಾಡೊನ ಮೇಲಿನ ಅತಿ ಗಂಭೀರ ಆಕ್ಷೇಪಕ್ಕೂ ಕ್ಯಾಮೆರಾಕ್ಕೂ ಸಂಬಂಧವಿಲ್ಲ. ಸೂಸನ್ ಸಾಂಟ್ಯಾಗ್ 2003ರ ತನ್ನ ಪುಸ್ತಕದಲ್ಲಿ, ಆತನ ಚಿತ್ರಗಳಲ್ಲಿರುವ ದಿಕ್ಕಿಲ್ಲದವರಿಗೆ ಅಡಿಬರಹದಲ್ಲಿ ಹೆಸರೇ ಇಲ್ಲ ಎಂದು ಎತ್ತಿ ತೋರಿಸಿದಳು. ಹೆಸರುಳ್ಳ ಖ್ಯಾತರ ಎದುರು ಇವರು ಬರೀ ಕೂಲಿಗಳು, ಬರೀ ನಿರಾಶ್ರಿತರು. ಸೆರಾ ಪೆಲಾಡದ ಏಣಿಯ ಮೇಲಿರುವವರ ಹೆಸರು ನಮಗೆ ಇಂದಿಗೂ ತಿಳಿದಿಲ್ಲ. 2021ರಲ್ಲಿ 'ಅಮೆಜಾನಿಯಾ' ಬರುವ ಹೊತ್ತಿಗೆ ಸಲ್ಗಾಡೊ ಡಿಜಿಟಲ್‌ಗೆ ಹೋಗಿ ಹತ್ತು ವರ್ಷ ಮೀರಿತ್ತು. ಅದರಲ್ಲಿ ಕಾಡಿನ ನಡುವೆ ಬಟ್ಟೆಯ ಪರದೆ ಕಟ್ಟಿ ತೆಗೆದ ಭಾವಚಿತ್ರಗಳಿವೆ. ತರಿಯ ವಿಚಾರದಲ್ಲಿ ಅವು ಹಳೆಯವುಗಳ ಹಾಗೆಯೇ ಇವೆ. ಅಡಿಬರಹಗಳಲ್ಲಿ ಮಾತ್ರ ಅಲ್ಲಿ ಕೂತವರ ಹೆಸರುಗಳಿವೆ.