ನಕ್ಷತ್ರ ಚಿಹ್ನೆಯ ಉಪಡೊಮೇನ್: ಅರ್ಧಕ್ಕೆ ನಿಲ್ಲುವ ಪಾಠ

ಪಿಎಚ್‌ಪಿ ಕಲಿಸುವ ಪಾಠಗಳಲ್ಲಿ ಒಂದು ಸಿದ್ಧ ಸೂತ್ರವನ್ನು ನೀವು ನೋಡಿರಬಹುದು. ಜಿಲ್ಲೆಯ ಪ್ರತಿ ಶಾಲೆಗೂ ಒಂದೇ ಜಾಲತಾಣದಲ್ಲಿ ಬೇರೆ ಬೇರೆ ಉಪಡೊಮೇನ್ ಕೊಡಬೇಕೇ? ಡಿಎನ್‌ಎಸ್‌ನಲ್ಲಿ ನಕ್ಷತ್ರ ಚಿಹ್ನೆಯ (*) ಒಂದು ದಾಖಲೆ ಬರೆಯಿರಿ. ಅಪಾಚೆಯ 'ಸರ್ವರ್ ಏಲಿಯಾಸ್' ಸಾಲಿನಲ್ಲೂ ಅದೇ ಚಿಹ್ನೆ ಹಾಕಿ. ಬಂದ ಹೋಸ್ಟ್ ಹೆಸರನ್ನು ಪಿಎಚ್‌ಪಿಯಲ್ಲಿ ಚುಕ್ಕಿಗಳ ಬಳಿ ತುಂಡರಿಸಿ, ಮೊದಲ ತುಂಡೇ ಶಾಲೆಯ ಹೆಸರೆಂದು ತಿಳಿಯಿರಿ. ಪಾಠ ಇಲ್ಲಿಗೆ ಮುಗಿಯುತ್ತದೆ. ನನ್ನ ಆಕ್ಷೇಪ, ಅದು ಇಲ್ಲಿಗೇ ಮುಗಿಯುತ್ತದೆ ಎಂಬುದು.

ನಕ್ಷತ್ರದ ನಿಜವಾದ ಅರ್ಥವೇನು? ಬೇರೆ ದಾಖಲೆ ಇಲ್ಲದ ಯಾವ ಹೆಸರನ್ನು ಕೇಳಿದರೂ 'ಇದೆ' ಎಂದು ಉತ್ತರಿಸು ಎಂದು. 'ಅಂಥ ಹೆಸರಿಲ್ಲ' ಎಂಬ ಉತ್ತರವೂ ಮಾಹಿತಿಯೇ ಅಲ್ಲವೇ? ಅದು ಅಳಿಸಿಹೋದರೆ ಏನಾಗುತ್ತದೆಂಬುದನ್ನು 2003ರಲ್ಲಿ ಜಗತ್ತೇ ಕಂಡಿತು. ವೆರಿಸೈನ್ ಸಂಸ್ಥೆ ಸೆಪ್ಟೆಂಬರ್ 15ರಂದು ಇಡೀ ಡಾಟ್ ಕಾಮ್, ಡಾಟ್ ನೆಟ್‌ಗಳಿಗೆ ಇಂಥ ದಾಖಲೆ ಸೇರಿಸಿ, ತಪ್ಪಾಗಿ ಟೈಪಿಸಿದ ಹೆಸರುಗಳನ್ನೆಲ್ಲ ತನ್ನ ಹುಡುಕುಪುಟಕ್ಕೆ ತಿರುಗಿಸಿತು. ಕಳಿಸಿದವರ ಡೊಮೇನ್ ಇದೆಯೇ ಎಂದು ನೋಡಿ ಕಸದ ಅಂಚೆಯನ್ನು ತಡೆಯುತ್ತಿದ್ದ ಸರ್ವರ್‌ಗಳು ಕುರುಡಾದವು. ಐಕ್ಯಾನ್ ಪಟ್ಟು ಹಿಡಿದ ಮೇಲೆ ಅಕ್ಟೋಬರ್ 4ರಂದು ಅದು ನಿಂತಿತು.

ಡಿಎನ್‌ಎಸ್ 'ಇಲ್ಲ' ಎನ್ನುವುದನ್ನು ಬಿಟ್ಟರೆ ಆ ಹೊಣೆ ನಿಮ್ಮ ಪಿಎಚ್‌ಪಿಗೆ ಬರುತ್ತದೆ. ಸೂತ್ರ ಇದನ್ನು ಹೇಳುವುದೇ ಇಲ್ಲ. ಅದರ ಪ್ರಕಾರ ಬರಿಯ 'ಎಕ್ಸಾಂಪಲ್ ಡಾಟ್ ಆರ್ಗ್' ಎಂದು ಬಂದವರಿಗೆ 'ಎಕ್ಸಾಂಪಲ್' ಎಂಬುದೂ ಒಂದು ಶಾಲೆ, 'ಡಬ್ಲ್ಯುಡಬ್ಲ್ಯುಡಬ್ಲ್ಯು' ಇನ್ನೊಂದು ಶಾಲೆ! ಆದ್ದರಿಂದ ಮೂಲ ಡೊಮೇನನ್ನು ಮೊದಲು ಬೇರ್ಪಡಿಸಿ, ಉಳಿದ ತುಂಡನ್ನು ದತ್ತಸಂಚಯದ ಪಟ್ಟಿಯಲ್ಲಿ ಹುಡುಕಿ. ಸಿಗದಿದ್ದರೆ 404. 'ಅಡ್ಮಿನ್', 'ಮೇಲ್' ಮುಂತಾದ ಹೆಸರುಗಳನ್ನು ಯಾರಿಗೂ ಕೊಡದೆ ಕಾಯ್ದಿರಿಸಿ.

ಹೋಸ್ಟ್ ಹೆಸರು ಬರುವುದು ಬ್ರೌಸರ್‌ನಿಂದ. ಅಲ್ಲಿ ಯಾರು ಏನನ್ನು ಬೇಕಾದರೂ ಬರೆದು ಕಳಿಸಬಹುದು. ಸರ್ವರ್‌ನಲ್ಲಿ ಇದೊಂದೇ ತಾಣವಿದ್ದರೆ ಅಪರಿಚಿತ ಹೆಸರನ್ನೂ ಅಪಾಚೆ ಇಲ್ಲಿಗೇ ತಲುಪಿಸುತ್ತದೆ. ಪಾಸ್‌ವರ್ಡ್ ಬದಲಿಸುವ ಕೊಂಡಿಯನ್ನು ಆ ಹೆಸರಿನಿಂದ ಕಟ್ಟಿದರೆ, ನಿಮ್ಮದೇ ಪತ್ರ ಬಳಕೆದಾರನನ್ನು ವಂಚಕನ ತಾಣಕ್ಕೆ ಕಳಿಸೀತು. ಕುಕಿಯನ್ನು ಇಡೀ ಡೊಮೇನಿಗೆ ಕೊಟ್ಟರೆ ಒಂದು ಶಾಲೆಯ ಲಾಗಿನ್ ಮತ್ತೊಂದರ ಉಪಡೊಮೇನಿಗೂ ಹೋಗುತ್ತದೆ. ಗಿಟ್‌ಹಬ್ 2013ರಲ್ಲಿ ಬಳಕೆದಾರರ ಪುಟಗಳನ್ನು ತನ್ನ ಮುಖ್ಯ ಡೊಮೇನಿನಿಂದ ಡಾಟ್ ಐಒ ವಿಳಾಸಕ್ಕೆ ಸಾಗಿಸಿದ್ದು ಇಂಥ ಅಪಾಯಕ್ಕೆ ಹೆದರಿಯೇ.

ಹತ್ತೇ ಶಾಲೆಗಳಿದ್ದರೆ ಹತ್ತು ಹೆಸರುಗಳನ್ನು ಬರೆದುಬಿಡುವುದೇ ಲೇಸು; ನಕ್ಷತ್ರದ ಗೊಡವೆ ಬೇಡ.

ಅಧ್ಯಾಪಕರು ಪ್ರಯೋಗಾಲಯದಲ್ಲಿ ಇದನ್ನು ತೋರಿಸಬಹುದು. ಹೋಸ್ಟ್ಸ್ ಕಡತದಲ್ಲಿ ನಕ್ಷತ್ರ ನಡೆಯದು. ಆದರೆ ಕ್ರೋಮ್, ಫೈರ್‌ಫಾಕ್ಸ್‌ಗಳು 'ಹಾಸನ ಡಾಟ್ ಲೋಕಲ್‌ಹೋಸ್ಟ್' ಎಂಬಂಥ ಹೆಸರನ್ನು ನೇರವಾಗಿ ಅದೇ ಗಣಕಕ್ಕೆ ಒಯ್ಯುತ್ತವೆ. ಪಟ್ಟಿಯಲ್ಲಿಲ್ಲದ ಊರಿನ ಹೆಸರನ್ನು ಮಕ್ಕಳಿಂದಲೇ ಟೈಪ್ ಮಾಡಿಸಿ, ಬರುವ ಉತ್ತರ 200ರದೋ 404ರದೋ ನೋಡಲು ಹೇಳಿ.